ಓದುಗರ ಪ್ರಶ್ನೆ: ದೂರದ ಎರಡು ವಿಮಾನ ನಿಲ್ದಾಣ, ನಡುವೆ ಎಷ್ಟು ಕಿಲೋಮೀಟರು, ಎಷ್ಟು ಗಂಟೆ?

ವಿಮಾನ ಪ್ರಯಾಣದ ದೂರ ಮತ್ತು ಹೊತ್ತಿನ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೇ ತೆಗೆದುಕೊಂಡಿದ್ದೇವೆ. ಕೇಳಿದವರು ಬೇರೆ ಬೇರೆ, ಆದರೆ ಗೊಂದಲದ ಬುಡ ಒಂದೇ. ದೂರ ಎನ್ನುವುದು ನೆಲದ ಲೆಕ್ಕ, ಹೊತ್ತು ಎನ್ನುವುದು ಗಾಳಿಯ ಲೆಕ್ಕ. ಮೊದಲನೆಯದನ್ನು ಭಾಗಿಸಿ ಎರಡನೆಯದನ್ನು ತೆಗೆಯಲು ಹೊರಟಲ್ಲೇ ಎಡವುವುದು.

ಪ್ರಶ್ನೆ: ಸಿಂಗಪುರದಿಂದ ನ್ಯೂಯಾರ್ಕಿಗೆ ದೂರ ಎಷ್ಟೆಂದು ಹುಡುಕಿದರೆ ಒಂದು ಕಡೆ 15,349 ಎಂದಿದೆ, ಇನ್ನೊಂದು ಕಡೆ 9,537, ಮತ್ತೊಂದು ಕಡೆ 8,288. ಯಾವುದನ್ನು ನಂಬುವುದು?

ಉತ್ತರ: ಮೂರನ್ನೂ ನಂಬಬಹುದು, ಅವು ಮೂರೂ ಒಂದೇ ದೂರ. ಮೊದಲನೆಯದು ಕಿಲೋಮೀಟರಿನಲ್ಲಿದೆ, ಎರಡನೆಯದು ರಸ್ತೆ ಲೆಕ್ಕದ ಮೈಲಿಯಲ್ಲಿ, ಮೂರನೆಯದು ನಾಟಿಕಲ್ ಮೈಲಿಯಲ್ಲಿ. ಸಾಮಾನ್ಯ ಮೈಲಿ ಅಂದರೆ 1.609 ಕಿ.ಮೀ., ನಾಟಿಕಲ್ ಮೈಲಿ ಅಂದರೆ ಸರಿಯಾಗಿ 1,852 ಮೀಟರ್. ವಿಮಾನಯಾನದವರು ಬಳಸುವುದು ನಾಟಿಕಲ್ ಮೈಲಿಯನ್ನೇ. ಗಂಟೆಗೆ ಒಂದು ನಾಟಿಕಲ್ ಮೈಲಿ ಹೋದರೆ ಅದು ಒಂದು ನಾಟ್ ವೇಗ. ಬರೀ ‘ಮೈಲಿ’ ಎಂದು ಬರೆದಿದ್ದರೆ ಯಾವ ಮೈಲಿ ಎಂದು ಮೊದಲು ನೋಡಿಕೊಳ್ಳಿ. ಎರಡರ ನಡುವೆ ಶೇಕಡಾ 15ರಷ್ಟು ವ್ಯತ್ಯಾಸವಿದೆ, ದೂರದ ಹಾರಾಟದಲ್ಲಿ ಅದು ಸಾವಿರಾರು ಕಿಲೋಮೀಟರಿಗೆ ಹೋಗುತ್ತದೆ.

ಘಟಕ ಒಂದೇ ಇದ್ದರೂ ಅಂಕಿ ಬೇರೆಯಾಗಲು ಇನ್ನೂ ಕಾರಣಗಳಿವೆ. ಕೆಲವು ಪಟ್ಟಿಗಳು ಊರಿನ ನಡುಮಧ್ಯದಿಂದ ಅಳೆಯುತ್ತವೆ, ಕೆಲವು ವಿಮಾನ ನಿಲ್ದಾಣದಿಂದ. ಒಂದೇ ಊರಿಗೆ ಎರಡು ಮೂರು ನಿಲ್ದಾಣಗಳಿದ್ದರೆ ಅಲ್ಲೂ ಅಂತರ ಬರುತ್ತದೆ. ಟೋಕಿಯೊದ ಹನೇಡಾ ಮತ್ತು ನರೀಟಾ ನಿಲ್ದಾಣಗಳ ನಡುವೆಯೇ ಸುಮಾರು 60 ಕಿ.ಮೀ. ಇದೆ. ನ್ಯೂಯಾರ್ಕಿನ ಜೆಎಫ್‌ಕೆ ಮತ್ತು ಪಕ್ಕದ ನ್ಯೂಆರ್ಕ್ ನಿಲ್ದಾಣಗಳ ನಡುವೆ ಮೂವತ್ತಕ್ಕೂ ಹೆಚ್ಚು ಕಿ.ಮೀ. ಭೂಮಿಯನ್ನು ಪೂರ್ತಿ ಗುಂಡಗಿನ ಚೆಂಡು ಎಂದು ಹಿಡಿದು ಮಾಡಿದ ಲೆಕ್ಕಕ್ಕೂ, ಧ್ರುವಗಳಲ್ಲಿ ಒಂದಿಷ್ಟು ಅಮುಕಿದ ಆಕಾರ ಎಂದು ಹಿಡಿದು ಮಾಡಿದ ಲೆಕ್ಕಕ್ಕೂ ಅಲ್ಪಸ್ವಲ್ಪ ಅಂತರವಿರುತ್ತದೆ. ಸಿಂಗಪುರ–ನ್ಯೂಯಾರ್ಕ್ ವಿಷಯದಲ್ಲಿ ಅದು ಹತ್ತು ಕಿಲೋಮೀಟರಿನ ಒಳಗೇ.

ಕೊನೆಯ ಕಾರಣವೇ ದೊಡ್ಡದು. ಪಟ್ಟಿಯಲ್ಲಿರುವುದು ಭೂಮಿಯ ಮೇಲಿನ ಅತ್ಯಂತ ಹತ್ತಿರದ ದಾರಿಯ ಅಳತೆ, ವಿಮಾನ ಆ ದಿನ ನಿಜವಾಗಿ ಹಾರಿದ ದಾರಿಯದ್ದಲ್ಲ. ಹಾರಿದ ದೂರ ಯಾವಾಗಲೂ ಪಟ್ಟಿಯ ದೂರಕ್ಕಿಂತ ಹೆಚ್ಚು.

ಪ್ರಶ್ನೆ: ಈ ದೂರವನ್ನು ನಾವೇ ಲೆಕ್ಕ ಹಾಕಬಹುದೇ? ಯಾವ ಸೂತ್ರ?

ಉತ್ತರ: ಖಂಡಿತ ಹಾಕಬಹುದು. ಸೈನ್, ಕೊಸೈನ್ ಇರುವ ಕ್ಯಾಲ್ಕುಲೇಟರು ಸಾಕು. ಎರಡೂ ನಿಲ್ದಾಣಗಳ ಅಕ್ಷಾಂಶ ಮತ್ತು ರೇಖಾಂಶ ಬೇಕು. ಉತ್ತರಕ್ಕೂ ಪೂರ್ವಕ್ಕೂ ಕೂಡು ಚಿಹ್ನೆ, ದಕ್ಷಿಣಕ್ಕೂ ಪಶ್ಚಿಮಕ್ಕೂ ಕಳೆ ಚಿಹ್ನೆ. ಮೇಲಿನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಸಿಂಗಪುರದ ಚಾಂಗಿ ನಿಲ್ದಾಣ: ಅಕ್ಷಾಂಶ 1.36, ರೇಖಾಂಶ 103.99. ಜೆಎಫ್‌ಕೆ: ಅಕ್ಷಾಂಶ 40.64, ರೇಖಾಂಶ −73.78.

ಮೊದಲು ಎರಡು ಅಕ್ಷಾಂಶಗಳ ಸೈನ್‌ಗಳನ್ನು ಗುಣಿಸಿ: 0.0237 × 0.6513 = 0.0155. ಆಮೇಲೆ ಎರಡು ಅಕ್ಷಾಂಶಗಳ ಕೊಸೈನ್‌ಗಳನ್ನೂ ರೇಖಾಂಶಗಳ ವ್ಯತ್ಯಾಸದ ಕೊಸೈನ್ ಅನ್ನೂ ಗುಣಿಸಿ. ರೇಖಾಂಶಗಳ ವ್ಯತ್ಯಾಸ 177.77 ಡಿಗ್ರಿ, ಹಾಗಾಗಿ 0.9997 × 0.7588 × (−0.9992) = −0.7580. ಎರಡನ್ನೂ ಕೂಡಿದರೆ −0.7425. ಯಾವ ಕೋನದ ಕೊಸೈನ್ ಇಷ್ಟು ಎಂದು ಹಿಮ್ಮುಖವಾಗಿ ಕೇಳಿದರೆ ಸುಮಾರು 137.95 ಡಿಗ್ರಿ ಬರುತ್ತದೆ. ಭೂಮಿಯ ಮೇಲೆ ಒಂದು ಡಿಗ್ರಿಗೆ 111.19 ಕಿ.ಮೀ. ಗುಣಿಸಿದರೆ 15,340 ಕಿ.ಮೀ. ಆಸುಪಾಸು. ಪಟ್ಟಿಯ 15,349ಕ್ಕೆ ಇಷ್ಟು ಹತ್ತಿರ ಬಂದರೆ ಸಾಕೇ ಸಾಕು.

ತಪ್ಪುವುದು ಎಲ್ಲಿ? ಮೊದಲ ತಪ್ಪು, ಪಶ್ಚಿಮ ರೇಖಾಂಶದ ಕಳೆ ಚಿಹ್ನೆ ಮರೆಯುವುದು. ಇದೇ ಲೆಕ್ಕದಲ್ಲಿ −73.78ರ ಬದಲು 73.78 ಹಾಕಿದರೆ 5,320 ಕಿ.ಮೀ. ಎಂದು ಬರುತ್ತದೆ. ಇದರ ಅಪಾಯ ಏನೆಂದರೆ, ಆ ಅಂಕಿ ನೋಡಲು ಸುಳ್ಳೆಂದು ಕಾಣುವುದೇ ಇಲ್ಲ. ಎರಡನೆಯದು, ಡಿಗ್ರಿ–ಮಿನಿಟನ್ನು ದಶಮಾಂಶ ಎಂದು ಓದುವುದು. 40 ಡಿಗ್ರಿ 38 ಮಿನಿಟು ಎಂದರೆ 40.38 ಅಲ್ಲ. 38ನ್ನು 60ರಿಂದ ಭಾಗಿಸಬೇಕು, ಆಗ 40.63. ಇಷ್ಟಕ್ಕೇ 28 ಕಿ.ಮೀ. ಜಾರಿಹೋಗುತ್ತದೆ. ಮೂರನೆಯದು, ಕಂಪ್ಯೂಟರಿನ ಲೆಕ್ಕದ ಹಾಳೆಗಳು ಕೋನವನ್ನು ಡಿಗ್ರಿಯಲ್ಲಲ್ಲ, ರೇಡಿಯನ್‌ನಲ್ಲಿ ಕೇಳುತ್ತವೆ. ಅಲ್ಲಿ ಡಿಗ್ರಿಯನ್ನು ಮೊದಲು ರೇಡಿಯನ್ನಿಗೆ ಬದಲಿಸಿಕೊಳ್ಳಿ. ಉತ್ತರ ಬಂದ ಮೇಲೆ ಒಂದು ತಾಳೆ: ಭೂಮಿಯ ಮೇಲೆ ಯಾವ ಎರಡು ಜಾಗಗಳೂ ಸುಮಾರು 20,000 ಕಿ.ಮೀ.ಗಿಂತ ದೂರ ಇರಲು ಸಾಧ್ಯವಿಲ್ಲ. ಅದನ್ನು ಮೀರಿದ ಉತ್ತರ ಬಂದರೆ ಎಲ್ಲೋ ಕೈತಪ್ಪಿದೆ.

ಪ್ರಶ್ನೆ: ಜೆಟ್ ವಿಮಾನ ಗಂಟೆಗೆ 900 ಕಿ.ಮೀ. ಹೋಗುತ್ತದೆ ಎನ್ನುತ್ತಾರೆ. ಆ ಲೆಕ್ಕದಲ್ಲಿ ಸಿಂಗಪುರದಿಂದ ನ್ಯೂಯಾರ್ಕಿಗೆ 17 ಗಂಟೆ ಸಾಕು. ಟಿಕೆಟ್ಟಿನಲ್ಲಿ ಹದಿನೆಂಟೂವರೆಗಿಂತ ಹೆಚ್ಚಿದೆ. ಉಳಿದ ಹೊತ್ತು ಎಲ್ಲಿಗೆ ಹೋಯಿತು?

ಉತ್ತರ: 900 ಎನ್ನುವುದು ಸುಳ್ಳಲ್ಲ. ದೂರದ ವಿಮಾನಗಳು ಸಾಮಾನ್ಯವಾಗಿ ಶಬ್ದದ ವೇಗದ 0.85ರಷ್ಟು ವೇಗದಲ್ಲಿ ಹೋಗುತ್ತವೆ. 11 ಕಿ.ಮೀ. ಎತ್ತರದಲ್ಲಿ ಉಷ್ಣತೆ ಸೊನ್ನೆಗಿಂತ ಸುಮಾರು 56 ಡಿಗ್ರಿ ಕೆಳಗಿರುತ್ತದೆ, ಅಲ್ಲಿ ಶಬ್ದದ ವೇಗ ಗಂಟೆಗೆ ಸುಮಾರು 1,062 ಕಿ.ಮೀ. ಅದರ 0.85 ಎಂದರೆ 903. ಆದರೆ ಇದು ಸುತ್ತಲಿನ ಗಾಳಿಗೆ ಹೋಲಿಸಿದ ವೇಗ, ನೆಲಕ್ಕೆ ಹೋಲಿಸಿದ್ದಲ್ಲ. ಜೊತೆಗೆ ಅದು ನಡುದಾರಿಯ ವೇಗ ಮಾತ್ರ. ಏರುವಾಗಲೂ ಇಳಿಯುವಾಗಲೂ ಅಷ್ಟು ಇರುವುದಿಲ್ಲ. 10,000 ಅಡಿಗಿಂತ ಕೆಳಗೆ ಬಹಳಷ್ಟು ಕಡೆ 250 ನಾಟ್ ಮಿತಿಯೂ ಇದೆ, ಅಂದರೆ ಗಂಟೆಗೆ 463 ಕಿ.ಮೀ.

ಟಿಕೆಟ್ಟಿನ ಸಮಯ ರನ್‌ವೇಯಿಂದ ರನ್‌ವೇಗೆ ಅಲ್ಲ, ಗೇಟಿನಿಂದ ಗೇಟಿಗೆ. ವಿಮಾನ ಗೇಟು ಬಿಟ್ಟು ಹಿಂದೆ ಸರಿದ ಗಳಿಗೆಯಿಂದ ಇನ್ನೊಂದು ಗೇಟಿನಲ್ಲಿ ನಿಲ್ಲುವ ತನಕ. ದೊಡ್ಡ ನಿಲ್ದಾಣದಲ್ಲಿ ರನ್‌ವೇ ತನಕ ಉರುಳಿಕೊಂಡು ಹೋಗಿ ಸರದಿಯಲ್ಲಿ ನಿಲ್ಲುವುದಕ್ಕೇ ಇಪ್ಪತ್ತು ನಿಮಿಷ ಬೇಕಾಗಬಹುದು. ಇಳಿಯುವ ಕಡೆ ರನ್‌ವೇ ಖಾಲಿಯಿಲ್ಲದಿದ್ದರೆ ಆಕಾಶದಲ್ಲಿ ಸುತ್ತು ಹೊಡೆಯುವುದು ಬೇರೆ. ಇದೇ ದಾರಿಯಲ್ಲಿ ಹಿಂದಿನ ಋತುಗಳಲ್ಲಿ ನಿಜವಾಗಿ ಎಷ್ಟು ಹೊತ್ತು ಹಿಡಿಯಿತು ಎಂದು ನೋಡಿ, ಹೆಚ್ಚಿನ ದಿನಗಳಲ್ಲಿ ಹೇಳಿದ ಹೊತ್ತಿಗೆ ತಲುಪುವಷ್ಟು ಸಡಿಲ ಬಿಟ್ಟು ವಿಮಾನ ಸಂಸ್ಥೆಗಳು ವೇಳಾಪಟ್ಟಿ ಬರೆಯುತ್ತವೆ. ‘ಅರ್ಧ ಗಂಟೆ ಮುಂಚೆಯೇ ಬಂದೆವು’ ಎಂಬ ಘೋಷಣೆ ಎಷ್ಟೋ ಸಲ ಈ ಸಡಿಲದ ಫಲ.

ಮನೆಯಲ್ಲಿ ಕೂತು ಅಂದಾಜು ಮಾಡಲು 900ನ್ನು ಬಿಟ್ಟುಬಿಡಿ. ಪಟ್ಟಿಯ ದೂರವನ್ನು 850ರಿಂದ ಭಾಗಿಸಿ, ಮುಕ್ಕಾಲು ಗಂಟೆ ಸೇರಿಸಿ. 15,349ಕ್ಕೆ 18 ಗಂಟೆ, ಜೊತೆಗೆ ಮುಕ್ಕಾಲು, ಒಟ್ಟು ಹದಿನೆಂಟೂ ಮುಕ್ಕಾಲು ಗಂಟೆ. ವೇಳಾಪಟ್ಟಿಗೆ ಬಹಳ ಹತ್ತಿರ. ಪೂರ್ವ–ಪಶ್ಚಿಮವಾಗಿ ಸಾಗುವ ದಾರಿಯಾದರೆ ಮುಂದಿನ ಉತ್ತರವನ್ನೂ ಓದಿ.

ಪ್ರಶ್ನೆ: ಟೋಕಿಯೊದಿಂದ ಲಾಸ್ ಏಂಜಲೀಸಿಗೆ ಸುಮಾರು 10 ಗಂಟೆ, ವಾಪಸು ಬರಲು ಹನ್ನೊಂದೂವರೆ ಹನ್ನೆರಡು ಗಂಟೆ. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುವುದರಿಂದ ಹೀಗಾಗುತ್ತದೆಯೇ?

ಉತ್ತರ: ಭೂಮಿ ತಿರುಗುವುದೇ ನೇರ ಕಾರಣವಾಗಿದ್ದರೆ ಲೆಕ್ಕ ಉಲ್ಟಾ ಆಗಬೇಕಿತ್ತು. ವಿಮಾನ ಮೇಲೇರಿ ಸುಮ್ಮನೆ ನಿಂತರೂ ಪೂರ್ವದ ಊರು ದೂರ ಸರಿದು ಪಶ್ಚಿಮದ ಊರು ತಾನಾಗಿ ಹತ್ತಿರ ಬರಬೇಕಿತ್ತು. ಹಾಗಾಗುವುದಿಲ್ಲ, ಏಕೆಂದರೆ ಗಾಳಿಯೂ ಭೂಮಿಯ ಜೊತೆಗೇ ತಿರುಗುತ್ತಿದೆ, ವಿಮಾನ ಹಾರುವುದು ಆ ಗಾಳಿಯೊಳಗೆ.

ನಿಜವಾದ ಕಾರಣ ಜೆಟ್ ಸ್ಟ್ರೀಮ್. ಸುಮಾರು 9ರಿಂದ 12 ಕಿ.ಮೀ. ಎತ್ತರದಲ್ಲಿ, ಅಂದರೆ ವಿಮಾನಗಳು ಹಾರುವ ಎತ್ತರದಲ್ಲೇ, ಪಶ್ಚಿಮದಿಂದ ಪೂರ್ವಕ್ಕೆ ಹೊಳೆಯ ಹಾಗೆ ಹರಿಯುವ ಗಾಳಿ ಅದು. ಉಷ್ಣವಲಯಕ್ಕೂ ಧ್ರುವದ ಕಡೆಗೂ ಇರುವ ಉಷ್ಣತೆಯ ಅಂತರವೇ ಅದರ ಬಲ. ಚಳಿಗಾಲದಲ್ಲಿ ಆ ಅಂತರ ಹೆಚ್ಚು, ಹಾಗಾಗಿ ಗಾಳಿಯೂ ಜೋರು. (ಆ ಗಾಳಿಯನ್ನು ಪೂರ್ವಕ್ಕೆ ಬಾಗಿಸುವುದು ಭೂಮಿಯ ತಿರುಗುವಿಕೆ. ಆ ಮಟ್ಟಿಗೆ ನಿಮ್ಮ ಊಹೆಯಲ್ಲೂ ಒಂದು ಎಳೆ ನಿಜವಿದೆ.)

ಲೆಕ್ಕ ಹಾಕಿ ನೋಡಿ. ನರೀಟಾದಿಂದ ಲಾಸ್ ಏಂಜಲೀಸಿಗೆ ಸುಮಾರು 8,750 ಕಿ.ಮೀ. ವಿಮಾನದ ವೇಗ 900, ದಾರಿಯುದ್ದಕ್ಕೂ ಸರಾಸರಿ ಗಾಳಿ ಗಂಟೆಗೆ 100 ಕಿ.ಮೀ. ಎಂದು ಇಟ್ಟುಕೊಳ್ಳಿ. ಪೂರ್ವಕ್ಕೆ ಹೋಗುವಾಗ ನೆಲದ ಮೇಲಿನ ವೇಗ 1,000, ಹೊತ್ತು 8 ಗಂಟೆ 45 ನಿಮಿಷ. ಪಶ್ಚಿಮಕ್ಕೆ ಬರುವಾಗ 800, ಹೊತ್ತು 10 ಗಂಟೆ 56 ನಿಮಿಷ. ಎರಡು ಗಂಟೆಗೂ ಮೇಲೆ ಅಂತರ. ಗಾಳಿಯೇ ಇಲ್ಲದಿದ್ದರೆ ಹೋಗಿ ಬರಲು 19 ಗಂಟೆ 27 ನಿಮಿಷ ಸಾಕಿತ್ತು, ಗಾಳಿಯ ಜೊತೆ 19 ಗಂಟೆ 41 ನಿಮಿಷ ಆಯಿತು. ಹೋಗುವಾಗ ಸಿಕ್ಕ ಲಾಭ ಬರುವಾಗಿನ ನಷ್ಟವನ್ನು ಪೂರ್ತಿ ತುಂಬುವುದಿಲ್ಲ, ಏಕೆಂದರೆ ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಸಿಕ್ಕಿಕೊಂಡಿರುತ್ತದೆ.

ಗಾಳಿ ಬಂದಾಗ ತೂರಿಕೊಂಡವರ ದಾಖಲೆಯೂ ಇದೆ. 2020ರ ಫೆಬ್ರವರಿಯಲ್ಲಿ, ಕಿಯಾರಾ ಬಿರುಗಾಳಿಯ ಹೊತ್ತಿನಲ್ಲಿ, ಬ್ರಿಟಿಷ್ ಏರ್‌ವೇಸ್‌ನ ಒಂದು ಬೋಯಿಂಗ್ 747 ನ್ಯೂಯಾರ್ಕಿನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷದಲ್ಲಿ ತಲುಪಿತು. ಸಾಮಾನ್ಯವಾಗಿ ವೇಳಾಪಟ್ಟಿಯಲ್ಲಿ ಇದಕ್ಕೆ ಏಳು ಗಂಟೆಯ ಆಸುಪಾಸು ಇರುತ್ತದೆ. ಆ ದಿನ ನೆಲಕ್ಕೆ ಹೋಲಿಸಿದ ವೇಗ ಗಂಟೆಗೆ 1,300 ಕಿ.ಮೀ. ದಾಟಿತ್ತು. ಹಾಗೆಂದು ಅದು ಶಬ್ದದ ವೇಗವನ್ನು ಮೀರಿರಲಿಲ್ಲ. ತನ್ನ ಸುತ್ತಲಿನ ಗಾಳಿಯೊಳಗೆ ಅದು ಎಂದಿನ ವೇಗದಲ್ಲೇ ಇತ್ತು, ಗಾಳಿ ಅದನ್ನು ಹೊತ್ತುಕೊಂಡು ಹೋಯಿತು. ನಿಜವಾಗಿ ಶಬ್ದಕ್ಕಿಂತ ವೇಗವಾಗಿ ಹಾರುತ್ತಿದ್ದ ಕಾಂಕಾರ್ಡ್ ಇದೇ ದಾರಿಯನ್ನು 1996ರ ಫೆಬ್ರವರಿ 7ರಂದು 2 ಗಂಟೆ 52 ನಿಮಿಷ 59 ಸೆಕೆಂಡಿನಲ್ಲಿ ಮುಗಿಸಿತ್ತು.

ಆದ್ದರಿಂದ ಹಿಂದಿನ ಉತ್ತರದ 850ರ ಅಂದಾಜಿಗೆ ಇದನ್ನೂ ಸೇರಿಸಿಕೊಳ್ಳಿ: ಸಮಭಾಜಕದಿಂದ ದೂರದ ಅಕ್ಷಾಂಶಗಳಲ್ಲಿ ಪೂರ್ವ–ಪಶ್ಚಿಮವಾಗಿ ಹತ್ತು ಗಂಟೆ ಹಾರುವ ದಾರಿಯಾದರೆ, ಪೂರ್ವಕ್ಕೆ ಹೋಗುವಾಗ ಮುಕ್ಕಾಲು ಗಂಟೆ ಕಳೆಯಿರಿ, ಪಶ್ಚಿಮಕ್ಕೆ ಬರುವಾಗ ಅಷ್ಟೇ ಕೂಡಿಸಿ. ಉತ್ತರ–ದಕ್ಷಿಣ ದಾರಿಗಳಿಗೆ ಇದರ ಅಗತ್ಯ ಅಷ್ಟಾಗಿ ಬೀಳುವುದಿಲ್ಲ.

ಪ್ರಶ್ನೆ: ಭೂಪಟದಲ್ಲಿ ನೇರ ಗೆರೆ ಎಳೆಯಬಹುದಾದ ಕಡೆ ವಿಮಾನ ಬಿಲ್ಲಿನಂತೆ ಬಾಗಿ ಹೋಗುತ್ತದಲ್ಲ, ಸುತ್ತು ಬಳಸಿ ಹೋಗುವುದೇಕೆ?

ಉತ್ತರ: ಸುತ್ತು ಬಳಸುವುದು ಭೂಪಟದ ಗೆರೆ, ವಿಮಾನವಲ್ಲ. ಗುಂಡಗಿನ ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸುವಾಗ ಧ್ರುವದ ಕಡೆಯ ಭಾಗಗಳು ಹಿಗ್ಗಿಹೋಗುತ್ತವೆ. ಒಂದು ಡಿಗ್ರಿ ರೇಖಾಂಶ ಸಮಭಾಜಕದ ಮೇಲೆ 111 ಕಿ.ಮೀ. ಇದ್ದರೆ, 60 ಡಿಗ್ರಿ ಅಕ್ಷಾಂಶದಲ್ಲಿ ಅದರ ಅರ್ಧ ಮಾತ್ರ. ಹಾಳೆಯ ಮೇಲೆ ಎರಡೂ ಒಂದೇ ಅಗಲ ಕಾಣುತ್ತವೆ.

ಒಂದು ಗ್ಲೋಬು ಮತ್ತು ಒಂದು ದಾರ ತೆಗೆದುಕೊಳ್ಳಿ. ದಾರದ ಒಂದು ತುದಿಯನ್ನು ಚಿಲಿಯ ಸ್ಯಾಂಟಿಯಾಗೊ ಮೇಲೆ, ಇನ್ನೊಂದನ್ನು ಆಸ್ಟ್ರೇಲಿಯದ ಸಿಡ್ನಿಯ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಡಿದು ಬಿಗಿಯಾಗಿ ಎಳೆಯಿರಿ. ಎರಡೂ ಊರುಗಳು ಸುಮಾರು 34 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲೇ ಇವೆ, ಆದರೂ ದಾರ ಆ ಅಕ್ಷಾಂಶದ ಗೆರೆಯ ಮೇಲೆ ನಿಲ್ಲುವುದೇ ಇಲ್ಲ. ಸಡಿಲ ತೆಗೆದಷ್ಟೂ ಕೆಳಕ್ಕೆ ಜಾರಿ, ನಡುಮಧ್ಯದಲ್ಲಿ 62 ಡಿಗ್ರಿಯ ಹತ್ತಿರ, ಅಂಟಾರ್ಕ್ಟಿಕಾದ ಅಂಚಿನ ಕಡೆ ಹೋಗಿ ಕೂರುತ್ತದೆ. ಹೀಗೆ ಹೋದರೆ ಸುಮಾರು 11,340 ಕಿ.ಮೀ. ಅಕ್ಷಾಂಶದ ಗೆರೆ ಹಿಡಿದು ನೇರ ಪಶ್ಚಿಮಕ್ಕೆ ಹೋದರೆ ಸುಮಾರು 12,770. ಬಾಗಿದಂತೆ ಕಾಣುವ ದಾರಿಯಲ್ಲೇ 1,400 ಕಿ.ಮೀ. ಉಳಿತಾಯ. ಗ್ಲೋಬಿನ ವ್ಯಾಸ 30 ಸೆಂಟಿಮೀಟರ್ ಇದ್ದರೆ ದಾರದ ಒಂದು ಸೆಂಟಿಮೀಟರಿಗೆ 425 ಕಿ.ಮೀ. ಹಾಕಿಕೊಳ್ಳಿ. ಈ ದಾರಿ ಇಪ್ಪತ್ತಾರೂವರೆ ಸೆಂಟಿಮೀಟರಿಗಿಂತ ಚೂರು ಹೆಚ್ಚು ಬರಬೇಕು. ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಪಾಠ ಸಿಗಲಾರದು.

ದುಬೈ–ಲಾಸ್ ಏಂಜಲೀಸ್ ದಾರವನ್ನು ಎಳೆದರೆ ಇನ್ನೂ ಚೆನ್ನ, ಅದು ಉತ್ತರ ಧ್ರುವದ ಪಕ್ಕದಲ್ಲೇ ಹಾದುಹೋಗುತ್ತದೆ. ಎರಡು ಊರುಗಳ ರೇಖಾಂಶಗಳ ನಡುವೆ 174 ಡಿಗ್ರಿ ಅಂತರ, ಅಂದರೆ ಹೆಚ್ಚುಕಡಿಮೆ ಭೂಮಿಯ ಆಚೆ ಬದಿ. ಧ್ರುವದ ಮೇಲಿಂದ ಹಾಯುವುದೇ ಹತ್ತಿರ.

ಹಾಗೆಂದು ಪ್ರತಿದಿನವೂ ವಿಮಾನ ದಾರದ ದಾರಿಯಲ್ಲೇ ಹೋಗುತ್ತದೆ ಎಂದಲ್ಲ. ಎರಡು ಇಂಜಿನಿನ ವಿಮಾನಕ್ಕೆ, ಒಂದು ಇಂಜಿನು ಕೈಕೊಟ್ಟರೆ ಇಷ್ಟು ನಿಮಿಷದೊಳಗೆ ಇಳಿಯಲು ಒಂದು ನಿಲ್ದಾಣ ಸಿಗಬೇಕು ಎಂಬ ನಿಯಮವಿದೆ. ವಿಮಾನ ಮತ್ತು ಸಂಸ್ಥೆಯ ಅರ್ಹತೆ ನೋಡಿ ಆ ಮಿತಿಯನ್ನು 120, 180, 330 ನಿಮಿಷ ಎಂದು ಕೊಡುತ್ತಾರೆ. ಏರ್‌ಬಸ್ ಎ350ಕ್ಕೆ 370 ನಿಮಿಷದ ತನಕ ಅನುಮತಿ ಇದೆ. ಹತ್ತಿರದಲ್ಲಿ ನಿಲ್ದಾಣವೇ ಇಲ್ಲದ ದಕ್ಷಿಣ ಸಮುದ್ರದ ಮೇಲೆ ಈ ಮಿತಿಯೇ ದಾರಿಯನ್ನು ನಿರ್ಧರಿಸುತ್ತದೆ.

ಪ್ರಶ್ನೆ: ಆಕ್ಲೆಂಡಿನಿಂದ ರಾತ್ರಿ 8ಕ್ಕೆ ಹೊರಟ ವಿಮಾನ ಲಾಸ್ ಏಂಜಲೀಸಿಗೆ ಅದೇ ದಿನ ಮಧ್ಯಾಹ್ನ 1ಕ್ಕೆ ತಲುಪುತ್ತದೆ ಎಂದು ವೇಳಾಪಟ್ಟಿಯಲ್ಲಿದ್ದರೆ ಅದು ಅಚ್ಚಿನ ತಪ್ಪೇ?

ಉತ್ತರ: ಅಲ್ಲ. ಟಿಕೆಟ್ಟಿನ ಮೇಲಿನ ಎರಡು ಸಮಯಗಳು ಎರಡು ಊರಿನ ಎರಡು ಗಡಿಯಾರಗಳದ್ದು. ಒಂದರಿಂದ ಇನ್ನೊಂದನ್ನು ಹಾಗೇ ಕಳೆಯಬಾರದು. ಎರಡನ್ನೂ ಮೊದಲು ವಿಶ್ವ ಸಮಯಕ್ಕೆ, ಅಂದರೆ ಯುಟಿಸಿಗೆ ತಂದುಕೊಳ್ಳಿ. ಜುಲೈ ತಿಂಗಳು ಎಂದಿಟ್ಟುಕೊಳ್ಳಿ, ಆಗ ಆಕ್ಲೆಂಡ್ ಯುಟಿಸಿಗಿಂತ 12 ಗಂಟೆ ಮುಂದೆ, ಲಾಸ್ ಏಂಜಲೀಸ್ 7 ಗಂಟೆ ಹಿಂದೆ. ಆಕ್ಲೆಂಡಿನ ರಾತ್ರಿ 8 ಎಂದರೆ ಯುಟಿಸಿಯಲ್ಲಿ ಅದೇ ದಿನ ಬೆಳಿಗ್ಗೆ 8. ಲಾಸ್ ಏಂಜಲೀಸಿನ ಮಧ್ಯಾಹ್ನ 1 ಎಂದರೆ ಯುಟಿಸಿಯಲ್ಲಿ ಅದೇ ದಿನ ರಾತ್ರಿ 8. ಪ್ರಯಾಣ 12 ಗಂಟೆ, ಸುಮಾರು 10,500 ಕಿ.ಮೀ. ದಾರಿಗೆ ಸರಿಯಾಗಿಯೇ ಇದೆ. ವಾಪಸು ಬರುವಾಗ ಈ ಉಳಿಕೆಯನ್ನು ತೀರಿಸಬೇಕಾಗುತ್ತದೆ. ರಾತ್ರಿ 10ಕ್ಕೆ ಹೊರಟು 13 ಗಂಟೆ ಹಾರಿದರೆ ಆಕ್ಲೆಂಡ್ ತಲುಪುವುದು ಮೂರನೆಯ ದಿನ ಬೆಳಿಗ್ಗೆ 6ಕ್ಕೆ. ನಡುವಿನ ಒಂದು ತಾರೀಖು ಕ್ಯಾಲೆಂಡರಿನಿಂದಲೇ ಮಾಯ. ಹೋಟೆಲ್ ಕಾದಿರಿಸುವವರು ಇಲ್ಲೇ ಎಡವುತ್ತಾರೆ. ತಲುಪುವ ಸಮಯದ ಪಕ್ಕದಲ್ಲಿ +1, +2 ಎಂದು ಸಣ್ಣದಾಗಿ ಬರೆದಿರುವುದನ್ನು ಓದದೆ ಬಿಡಬೇಡಿ.

ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಪದ್ಧತಿ ಇರುವ ದೇಶಗಳಲ್ಲಿ ಇನ್ನೊಂದು ಎಚ್ಚರ. ಉತ್ತರಾರ್ಧಗೋಳದ ದೇಶ ಗಡಿಯಾರ ಹಿಂದಿಡುವ ಕಾಲಕ್ಕೆ ದಕ್ಷಿಣಾರ್ಧಗೋಳದ್ದು ಮುಂದಿಡುತ್ತದೆ. ಇದೇ ಎರಡು ಊರುಗಳ ನಡುವಿನ ಅಂತರ ಜುಲೈಯಲ್ಲಿ 19 ಗಂಟೆ, ಜನವರಿಯಲ್ಲಿ 21. ಎರಡೂ ದೇಶಗಳು ಒಂದೇ ದಿನ ಗಡಿಯಾರ ಬದಲಿಸುವುದಿಲ್ಲವಾದ್ದರಿಂದ ನಡುವೆ ಕೆಲವು ವಾರ ಅಂತರ 20 ಇರುತ್ತದೆ. ಹಳೆಯ ಟಿಕೆಟ್ ನೋಡಿ ಲೆಕ್ಕ ಹಾಕಬೇಡಿ.

ಪ್ರಶ್ನೆ: ಅದೇ ಊರು, ಅದೇ ದೂರ. ಆದರೆ ಯುರೋಪಿನಿಂದ ಜಪಾನಿಗೆ ಈಗ ಮೊದಲಿಗಿಂತ ಹೆಚ್ಚು ಗಂಟೆ ತೋರಿಸುತ್ತಾರೆ. ವಿಮಾನಗಳು ನಿಧಾನವಾದವೇ?

ಉತ್ತರ: ವಿಮಾನ ಅದೇ, ಆಕಾಶ ಮುಚ್ಚಿದೆ. 2022ರ ಫೆಬ್ರವರಿಯ ನಂತರ ಯುರೋಪಿನ ಹಲವು ವಿಮಾನ ಸಂಸ್ಥೆಗಳಿಗೆ ರಷ್ಯಾದ ವಾಯುಪ್ರದೇಶದ ಮೇಲೆ ಹಾರಲು ಸಾಧ್ಯವಾಗಿಲ್ಲ. ಯುರೋಪಿನಿಂದ ಪೂರ್ವ ಏಷ್ಯಾಕ್ಕೆ ದಾರ ಎಳೆದರೆ ಅದು ಸೈಬೀರಿಯದ ಮೇಲೇ ಬೀಳುತ್ತದೆ. ಅತಿ ಹೆಚ್ಚು ಪೆಟ್ಟು ತಿಂದದ್ದು ಫಿನ್ಲೆಂಡಿನ ಫಿನ್ಏರ್. ಹೆಲ್ಸಿಂಕಿ–ಟೋಕಿಯೊ ಒಂಬತ್ತೂವರೆ ಗಂಟೆಯ ದಾರಿ ಸುಮಾರು 13 ಗಂಟೆಗೆ ಏರಿತು. ಇದು ಹೊಸ ಕಥೆಯೇನಲ್ಲ. ಶೀತಲ ಸಮರದ ಕಾಲದಲ್ಲಿ ಸೋವಿಯತ್ ಆಕಾಶ ಮುಚ್ಚಿದ್ದಾಗ 1957ರಲ್ಲಿ ಸ್ಕ್ಯಾಂಡಿನೇವಿಯದ ಎಸ್‌ಎಎಸ್ ಸಂಸ್ಥೆ ಕೋಪನ್‌ಹೇಗನ್ನಿನಿಂದ ಉತ್ತರ ಧ್ರುವದ ಕಡೆಯಿಂದ ಹಾಯ್ದು, ಅಲಾಸ್ಕಾದ ಆಂಕರೇಜಿನಲ್ಲಿ ಇಂಧನ ತುಂಬಿಕೊಂಡು ಟೋಕಿಯೊಗೆ ಹಾರಾಟ ಆರಂಭಿಸಿತ್ತು.

ಒಂದೇ ದಾರಿಯ ಎರಡು ದಿಕ್ಕುಗಳಿಗೆ ಪೆಟ್ಟು ಬೇರೆ ಬೇರೆಯಾಗಿ ಬೀಳುವುದೂ ಉಂಟು. ಆಸ್ಟ್ರೇಲಿಯದ ಪರ್ತ್‌ನಿಂದ ಲಂಡನ್ನಿಗೆ ಸುಮಾರು 14,500 ಕಿ.ಮೀ. 2018ರ ಮಾರ್ಚ್‌ನಿಂದ ಕ್ವಾಂಟಾಸ್ ಇದನ್ನು ಎಲ್ಲೂ ಇಳಿಯದೆ ಹಾರುತ್ತಿದೆ. 2024ರ ಏಪ್ರಿಲ್‌ನಲ್ಲಿ ಪಶ್ಚಿಮ ಏಷ್ಯಾದ ಉದ್ವಿಗ್ನತೆಯಿಂದ ದಾರಿ ಬದಲಿಸಬೇಕಾಗಿ ಬಂದಾಗ, ಪರ್ತ್‌ನಿಂದ ಹೋಗುವ ವಿಮಾನವನ್ನು ಇಂಧನಕ್ಕಾಗಿ ಸಿಂಗಪುರದಲ್ಲಿ ಇಳಿಸಿದರು. ಲಂಡನ್ನಿನಿಂದ ಬರುವುದು ಮಾತ್ರ ಮೊದಲಿನಂತೆ ನೇರವಾಗಿಯೇ ಬಂತು. ಅದಕ್ಕೆ ಹಿಂಗಾಳಿ ಇತ್ತು.

ಪ್ರಶ್ನೆ: ‘ಡೈರೆಕ್ಟ್’ ವಿಮಾನ ಎಂದು ಟಿಕೆಟ್ ಮಾಡಿಸಿದರೂ ನಡುವೆ ಒಂದು ಕಡೆ ಇಳಿಸುತ್ತಾರೆ ಎನ್ನುತ್ತಾರೆ. ನಿಜವೇ?

ಉತ್ತರ: ನಿಜ. ಡೈರೆಕ್ಟ್ ಎಂದರೆ ವಿಮಾನದ ಸಂಖ್ಯೆ ಬದಲಾಗುವುದಿಲ್ಲ ಎಂದಷ್ಟೇ ಅರ್ಥ, ನಡುವೆ ನಿಲ್ಲಬಹುದು. ಎಲ್ಲೂ ಇಳಿಯಬಾರದು ಎಂದಿದ್ದರೆ ‘ನಾನ್‌ಸ್ಟಾಪ್’ ಎಂದೇ ಕೇಳಿ.

ಪ್ರಶ್ನೆ: ಲಂಡನ್–ಸಿಡ್ನಿಯಂಥ ದೂರಕ್ಕೆ ಇನ್ನಷ್ಟು ಇಂಧನ ತುಂಬಿಕೊಂಡು ಒಂದೇ ಉಸಿರಿಗೆ ಹೋಗಬಾರದೇ?

ಉತ್ತರ: ಇಂಧನಕ್ಕೂ ತೂಕವಿದೆ, ಆ ತೂಕವನ್ನು ಹೊರಲು ಮತ್ತೆ ಇಂಧನ ಬೇಕು. ಸ್ಥೂಲವಾಗಿ, ಹೆಚ್ಚುವರಿಯಾಗಿ ಹೊತ್ತ ಪ್ರತಿ ಟನ್ನಿನ ಮೇಲೆ ಗಂಟೆಗೆ ಅದರ ಶೇಕಡಾ 3ರಿಂದ 4ರಷ್ಟು ಬರೀ ಹೊರುವುದಕ್ಕೇ ಉರಿದುಹೋಗುತ್ತದೆ. ಹದಿನೆಂಟು ಗಂಟೆಯ ಹಾರಾಟದಲ್ಲಿ ಅದರ ಅರ್ಧದಷ್ಟು ದಾರಿಯಲ್ಲೇ ಕರಗಬಹುದು.

ಸಿಂಗಪುರ–ನ್ಯೂಯಾರ್ಕ್ ವಿಮಾನವನ್ನೇ ನೋಡಿ. ಅದು ಏರ್‌ಬಸ್ ಎ350-900ರ ಅತಿದೂರದ ಮಾದರಿ. ಟ್ಯಾಂಕಿನಲ್ಲಿ 1,65,000 ಲೀಟರ್ ಹಿಡಿಯುತ್ತದೆ. ಲೀಟರಿಗೆ ಸುಮಾರು 0.8 ಕಿಲೋ ಎಂದರೆ 132 ಟನ್. ವಿಮಾನ ಮೇಲೇರುವಾಗಿನ ಗರಿಷ್ಠ ತೂಕ 280 ಟನ್, ಅಂದರೆ ಅರ್ಧಕ್ಕೆ ಹತ್ತಿರ ಬರೀ ಇಂಧನ. ಇದಕ್ಕೆ ತೆತ್ತ ಬೆಲೆ ಜನ ಮತ್ತು ಸರಕು: ಸಿಂಗಪುರ್ ಏರ್‌ಲೈನ್ಸ್ ಅದರಲ್ಲಿ ಇಟ್ಟಿರುವುದು 161 ಸೀಟು ಮಾತ್ರ, ಎಕಾನಮಿ ದರ್ಜೆಯೇ ಇಲ್ಲ. ತುಂಬಿದ ಇಂಧನವನ್ನೆಲ್ಲ ಗುರಿ ತಲುಪಲು ಖರ್ಚು ಮಾಡುವಂತೆಯೂ ಇಲ್ಲ. ದಾರಿಯ ಹೆಚ್ಚುಕಮ್ಮಿಗೆ ಒಂದಿಷ್ಟು, ಗುರಿಯಲ್ಲಿ ಇಳಿಯಲಾಗದಿದ್ದರೆ ಇನ್ನೊಂದು ನಿಲ್ದಾಣಕ್ಕೆ ಹೋಗಲು ಒಂದಿಷ್ಟು, ಆಮೇಲೂ 1,500 ಅಡಿ ಎತ್ತರದಲ್ಲಿ 30 ನಿಮಿಷ ಸುತ್ತುವಷ್ಟು ಟ್ಯಾಂಕಿನಲ್ಲಿ ಉಳಿದಿರಬೇಕು.

ಲಂಡನ್–ಸಿಡ್ನಿ 17,020 ಕಿ.ಮೀ. 2019ರ ನವೆಂಬರ್‌ನಲ್ಲಿ ಕ್ವಾಂಟಾಸ್ ಒಂದು ಬೋಯಿಂಗ್ 787-9ನ್ನು ಪರೀಕ್ಷೆಗೆಂದು ಲಂಡನ್ನಿನಿಂದ ಸಿಡ್ನಿಗೆ ಒಂದೇ ಸಲಕ್ಕೆ ಹಾರಿಸಿತು, 19 ಗಂಟೆ 19 ನಿಮಿಷ ಹಿಡಿಯಿತು. ಆದರೆ ಅದರಲ್ಲಿ ಇದ್ದವರು ಐವತ್ತರ ಆಸುಪಾಸು ಜನ. ತುಂಬಿದ ವಿಮಾನ ಹಾಗೆ ಹೋಗಲು ಹಿಂಭಾಗದಲ್ಲಿ 20,000 ಲೀಟರಿನ ಹೆಚ್ಚುವರಿ ಟ್ಯಾಂಕು ಇರುವ ಎ350-1000 ಮಾದರಿಯನ್ನು ಆ ಸಂಸ್ಥೆ ಮಾಡಿಸಿಕೊಳ್ಳುತ್ತಿದೆ.

ಪ್ರಶ್ನೆ: ತಡವಾಗಿ ಹೊರಟರೆ ಪೈಲಟ್ ವೇಗ ಹೆಚ್ಚಿಸಿ ಸರಿದೂಗಿಸಬಹುದಲ್ಲವೇ?

ಉತ್ತರ: ಕೆಲವು ನಿಮಿಷ ಮಾತ್ರ. ಶಬ್ದವೇಗದ 0.85ರಿಂದ 0.86ಕ್ಕೆ ಏರಿಸಿದರೆ 14 ಗಂಟೆಯ ಹಾರಾಟದಲ್ಲಿ ಉಳಿಯುವುದು ಹತ್ತು ನಿಮಿಷ. ಅದಕ್ಕೆ ಉರಿಯುವ ಇಂಧನವೂ ಹೆಚ್ಚು. ನೇರ ದಾರಿಗೆ ಅನುಮತಿ ಸಿಕ್ಕರೆ ಅಥವಾ ಒಳ್ಳೆಯ ಹಿಂಗಾಳಿಯ ಎತ್ತರ ಸಿಕ್ಕರೆ ಇದಕ್ಕಿಂತ ಹೆಚ್ಚು ಉಳಿಯುತ್ತದೆ.

ಪ್ರಶ್ನೆ: ನಡುವೆ ವಿಮಾನ ಬದಲಿಸುವ ಪ್ರಯಾಣಕ್ಕೆ ಒಟ್ಟು ಹೊತ್ತನ್ನು ಹೇಗೆ ಅಂದಾಜು ಮಾಡುವುದು? ನಡುವೆ ಎಷ್ಟು ಬಿಡುವು ಇಟ್ಟುಕೊಳ್ಳಬೇಕು?

ಉತ್ತರ: ಒಟ್ಟು ಹೊತ್ತಿಗೆ ಮೊದಲ ವಿಮಾನ ಗೇಟು ಬಿಡುವ ಸಮಯವನ್ನೂ ಕೊನೆಯದು ಗೇಟು ಸೇರುವ ಸಮಯವನ್ನೂ ಯುಟಿಸಿಗೆ ತಂದು ಕಳೆಯಿರಿ. ನಡುವಿನ ಕಾಯುವಿಕೆ ಅದರಲ್ಲೇ ಸೇರಿಬರುತ್ತದೆ.

ಬಿಡುವಿನ ವಿಷಯದಲ್ಲಿ ಮೊದಲು ನೋಡಬೇಕಾದ್ದು ಟಿಕೆಟ್ ಒಂದೋ ಎರಡೋ ಎಂದು. ಇಡೀ ಪ್ರಯಾಣ ಒಂದೇ ಬುಕಿಂಗ್ ಸಂಖ್ಯೆಯಲ್ಲಿದ್ದರೆ, ಆ ನಿಲ್ದಾಣಕ್ಕೆ ನಿಗದಿಯಾದ ಕನಿಷ್ಠ ಬಿಡುವಿಗಿಂತ ಕಡಿಮೆ ಇರುವ ಜೋಡಣೆಯನ್ನು ಮಾರುವುದೇ ಇಲ್ಲ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಮುಂದಿನದರಲ್ಲಿ ಕೂರಿಸುವುದು ಸಂಸ್ಥೆಯ ಹೊಣೆ. ಅಗ್ಗ ಎಂದು ಎರಡು ಬೇರೆ ಟಿಕೆಟ್ ಕೊಂಡರೆ ಆ ಹೊಣೆ ಯಾರದ್ದೂ ಅಲ್ಲ, ನಿಮ್ಮದೇ. ಆಗ ಲಗೇಜು ಹೊರಗೆ ತೆಗೆದು, ವಲಸೆ ತಪಾಸಣೆ ದಾಟಿ, ಮತ್ತೆ ಚೆಕ್-ಇನ್ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಆ ದೇಶದ ವೀಸಾ ಕೂಡ ಬೇಕಾಗಬಹುದು. ಅಮೆರಿಕದಲ್ಲಂತೂ ಒಂದೇ ಟಿಕೆಟ್ಟಾದರೂ ವಿದೇಶದಿಂದ ಬಂದವರು ಮೊದಲ ನಿಲ್ದಾಣದಲ್ಲೇ ವಲಸೆ ತಪಾಸಣೆಗೆ ನಿಲ್ಲಬೇಕು, ಬೇರೊಂದು ದೇಶಕ್ಕೆ ದಾಟಿಹೋಗುವವರೂ ಸಹ. ಬೇರೆ ಟಿಕೆಟ್ಟುಗಳಿದ್ದರೆ ನಾಲ್ಕು ಗಂಟೆಗಿಂತ ಕಡಿಮೆ ಬಿಡುವಿನ ಜೋಡಣೆಗೆ ಕೈಹಾಕಬೇಡಿ ಎನ್ನುವುದು ನಮ್ಮ ಸಲಹೆ. ಹೊರಡುವ ಸಮಯ ಎಂದು ಬರೆದಿರುವುದು ವಿಮಾನ ಸರಿಯುವ ಗಳಿಗೆ, ಗೇಟು ಅದಕ್ಕೂ 15–20 ನಿಮಿಷ ಮುಂಚೆಯೇ ಮುಚ್ಚುತ್ತದೆ. ಆ ನಿಮಿಷಗಳನ್ನು ಬಿಡುವಿನಿಂದ ಕಳೆದೇ ಲೆಕ್ಕ ಹಾಕಿ.

ಟಿಕೆಟ್ ಮಾಡಿಸುವ ಮುಂಚೆ ಊರಿನ ಹೆಸರಿನ ಜೊತೆ ನಿಲ್ದಾಣದ ಮೂರಕ್ಷರದ ಸಂಕೇತವನ್ನೂ ತಾಳೆ ನೋಡಿ. ಸಿಡ್ನಿ ಆಸ್ಟ್ರೇಲಿಯದಲ್ಲೂ ಇದೆ, ಕೆನಡಾದ ನೋವಾ ಸ್ಕೋಶಿಯದಲ್ಲೂ ಇದೆ. ಮೊದಲನೆಯದರ ಸಂಕೇತ ಎಸ್‌ವೈಡಿ, ಎರಡನೆಯದ್ದು ವೈಕ್ಯೂವೈ. ಸ್ಯಾನ್ ಹೊಸೆ ಕೋಸ್ಟಾ ರಿಕಾದಲ್ಲೂ ಇದೆ, ಕ್ಯಾಲಿಫೋರ್ನಿಯದಲ್ಲೂ ಇದೆ. ಅಲ್ಲಿ ಎಸ್‌ಜೆಒ, ಇಲ್ಲಿ ಎಸ್‌ಜೆಸಿ. ಬರ್ಮಿಂಗ್‌ಹ್ಯಾಮ್ ಇಂಗ್ಲೆಂಡಿನದಾದರೆ ಬಿಎಚ್‌ಎಕ್ಸ್, ಅಲಬಾಮಾದ್ದಾದರೆ ಬಿಎಚ್‌ಎಂ. ಆಸ್ಟ್ರೇಲಿಯಕ್ಕೆಂದು ಹೊರಟು ಕೆನಡಾದ ಸಿಡ್ನಿಯಲ್ಲಿ ಇಳಿದವರು ಒಬ್ಬಿಬ್ಬರಲ್ಲ.